ಹದಿನೈದು ಸಾವಿರ ದಿನಗಳ ಆರೈಕೆ

ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವ ದಿನ ಮನೆಮಂದಿಯ ಮುಖದಲ್ಲಿ ನೆಮ್ಮದಿ ಇರುತ್ತದೆ. ಡಾಕ್ಟರರಿಗೆ ಕೈ ಮುಗಿಯುತ್ತಾರೆ. ‘ದೇವರ ಹಾಗೆ ಕಾಪಾಡಿದಿರಿ’ ಎನ್ನುತ್ತಾರೆ. ಬಿಲ್ಲು ಕಟ್ಟಿ, ಔಷಧಿ ಚೀಟಿಯನ್ನು ಜೋಪಾನವಾಗಿ ಮಡಚಿಟ್ಟು, ಫ್ಲಾಸ್ಕು, ಚಾಪೆ, ತಟ್ಟೆ ಲೋಟಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡುತ್ತಾರೆ. ನಡುರಾತ್ರಿ ಎದ್ದುಬಂದು ರೋಗಿಯ ಒದ್ದೆ ಹಾಸಿಗೆ ಬದಲಿಸಿದ ದಾದಿಯ ಹೆಸರೇನೆಂದು ಕೇಳುವುದು ಆ ಗಡಿಬಿಡಿಯಲ್ಲಿ ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಇದನ್ನು ಕೃತಘ್ನತೆ ಎನ್ನಲಾಗದು. ಶುಶ್ರೂಷೆ ಎಂಬ ಕೆಲಸದ ಗುಣವೇ ಅಂಥದು. ಚೆನ್ನಾಗಿ ನಡೆದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಡೆಯದೆ ಹೋದಾಗ ಮಾತ್ರ ಎಲ್ಲರಿಗೂ ಕಾಣುತ್ತದೆ.

ಕಣ್ಣಿಗೆ ಬೀಳದ ಈ ಕೆಲಸವನ್ನು ಇಡೀ ದೇಶವೇ ನಿಂತು ನೋಡಿದ ಸಂದರ್ಭವೊಂದಿದೆ. ಮುಂಬಯಿಯ ಪರೇಲ್‌ನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯಲ್ಲಿ, 4ನೇ ವಾರ್ಡಿಗೆ ಹೊಂದಿಕೊಂಡ ಪುಟ್ಟ ಕೋಣೆಯೊಂದರಲ್ಲಿ ಒಬ್ಬ ರೋಗಿ ದಶಕಗಳ ಕಾಲ ಮಲಗಿದ್ದರು. ಅವರನ್ನು ಮನೆಗೆ ಕರೆದೊಯ್ಯುವ ದಿನ ಬರಲೇ ಇಲ್ಲ. ‘ನಿಮ್ಮಿಂದ ಉಪಕಾರವಾಯಿತು’ ಎಂದು ಕೈ ಮುಗಿಯಲು ಹಾಸಿಗೆಯ ಪಕ್ಕದಲ್ಲಿ ಬಂಧುಗಳೂ ಉಳಿಯಲಿಲ್ಲ. ನೋಡಿಕೊಂಡ ದಾದಿಯರೇ ಅವರಿಗೆ ಮನೆಯವರಾದರು. ಒಂದು ಕುಟುಂಬ ಹೇಳಬೇಕಾಗಿದ್ದ ಕೃತಜ್ಞತೆಯ ಮಾತನ್ನು ಕೊನೆಗೆ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಆ ರೋಗಿಯ ಹೆಸರು ಅರುಣಾ ರಾಮಚಂದ್ರ ಶಾನಭಾಗ. ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಮಗಳು. ವೃತ್ತಿಯಲ್ಲಿ ಅವರೂ ದಾದಿಯೇ.

ಹಳದೀಪುರದಿಂದ ಪರೇಲ್‌ಗೆ

ಹೊನ್ನಾವರದಿಂದ ಕುಮಟಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಹಳದೀಪುರ. ಕರಾವಳಿಯ ಇಂಥ ಅನೇಕ ಊರುಗಳಿಗೆ ಒಂದು ಕಾಲದಲ್ಲಿ ಮುಂಬಯಿಯೇ ಅನ್ನ ಕೊಡುವ ಪಟ್ಟಣವಾಗಿತ್ತು. ಹೋಟೆಲು, ಅಂಗಡಿ, ಗಿರಣಿ, ಆಫೀಸು ಎಂದು ಕೆಲಸ ಹುಡುಕಿಕೊಂಡು ಹೋದವರು ಎಷ್ಟೋ ಮಂದಿ. 1948ರಲ್ಲಿ ಹುಟ್ಟಿದ ಅರುಣಾ ಕೂಡ ಮುಂಬಯಿ ಸೇರಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಿರಿಯ ದಾದಿಯಾದರು. 1926ರಲ್ಲಿ ಆರಂಭವಾದ, ಮುಂಬಯಿ ಮಹಾನಗರ ಪಾಲಿಕೆ ನಡೆಸುವ ಈ ದೊಡ್ಡ ಆಸ್ಪತ್ರೆಗೆ ಬಡವರೇ ಹೆಚ್ಚಾಗಿ ಬರುತ್ತಾರೆ. ಅಲ್ಲಿ ದಾದಿಯ ಕೆಲಸವೆಂದರೆ ಬಿಡುವಿಲ್ಲದ ದುಡಿಮೆ. 1973ರ ಹೊತ್ತಿಗೆ ಅರುಣಾಗೆ 25 ವರ್ಷ. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿತ್ತು.

1973ರ ನವೆಂಬರ್ 27ರ ಸಂಜೆ ಕೆಲಸ ಮುಗಿಸಿ, ಸಮವಸ್ತ್ರ ಬದಲಿಸಲು ಹೋದಾಗ ಅದೇ ಆಸ್ಪತ್ರೆಯ ಕೆಳದರ್ಜೆ ನೌಕರನೊಬ್ಬ ಅವರ ಮೇಲೆ ಎರಗಿದ. ನಾಯಿಗೆ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ದೌರ್ಜನ್ಯವೆಸಗಿ ಪರಾರಿಯಾದ. ಮರುದಿನ ಬೆಳಿಗ್ಗೆ ಏಳೂಮುಕ್ಕಾಲರ ಹೊತ್ತಿಗೆ ಕಸ ಗುಡಿಸಲು ಬಂದವರು ನೋಡಿದಾಗ ಅರುಣಾ ಪ್ರಜ್ಞೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದರು. ಕುತ್ತಿಗೆ ಬಿಗಿದಿದ್ದರಿಂದ ಮಿದುಳಿಗೆ ಆಮ್ಲಜನಕ ಹೋಗುವುದು ನಿಂತಿತ್ತು. ಮಿದುಳಿನ ಕಾಂಡಕ್ಕೆ, ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾಗಿತ್ತು. ಪ್ರಾಣ ಉಳಿಯಿತು. ಆದರೆ ನಡೆಯುವ, ಮಾತಾಡುವ, ಗುರುತಿಸುವ ಶಕ್ತಿ ಮರಳಲಿಲ್ಲ. ಅಪರಾಧಿಗೆ ಕೊಲೆ ಯತ್ನ ಮತ್ತು ಸುಲಿಗೆಯ ಆರೋಪಗಳ ಮೇಲೆ ಏಳು ವರ್ಷಗಳ ಶಿಕ್ಷೆಯಾಯಿತು. ಅದನ್ನು ಮುಗಿಸಿ ಅವನು ಹೊರಗೆ ಹೋದ. ಅರುಣಾ ಮಾತ್ರ ಹಾಸಿಗೆಯಿಂದ ಏಳಲಿಲ್ಲ.

ಮುಂಬಯಿಯ ದಾದಿಯರು ಆಗ ಮುಷ್ಕರ ಹೂಡಿದರು. ಅರುಣಾಗೆ ಸರಿಯಾದ ಆರೈಕೆ ದೊರಕಬೇಕು, ಕೆಲಸದ ಜಾಗದಲ್ಲಿ ತಮಗೆ ರಕ್ಷಣೆ ಬೇಕು ಎಂಬುದು ಅವರ ಬೇಡಿಕೆ. ಮುಷ್ಕರಗಳು ಒಂದಲ್ಲ ಒಂದು ದಿನ ಮುಗಿಯುತ್ತವೆ. ಅದಾದ ಮೇಲೆ ಆರಂಭವಾದ ಕೆಲಸ ಮಾತ್ರ ನಾಲ್ಕು ದಶಕ ನಡೆಯಿತು.

ಬೆನ್ನಿನ ಮೇಲೆ ಒಂದೂ ಹುಣ್ಣಿಲ್ಲ

ಹಾಸಿಗೆ ಹಿಡಿದ ರೋಗಿಯ ಆರೈಕೆ ಎಷ್ಟು ಕಷ್ಟ ಎಂಬುದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಜ್ಜನನ್ನೋ, ಸೊಂಟ ಮುರಿದುಕೊಂಡ ಅಜ್ಜಿಯನ್ನೋ ನೋಡಿಕೊಂಡವರಿಗೆ ಗೊತ್ತು. ಆರೋಗ್ಯವಂತರು ನಿದ್ದೆಯಲ್ಲೂ ತಿಳಿಯದೆ ಮಗ್ಗುಲು ಬದಲಿಸುತ್ತಿರುತ್ತಾರೆ. ಹಾಗೆ ಹೊರಳಲಾಗದ ರೋಗಿಯಲ್ಲಿ ದೇಹದ ಭಾರವೆಲ್ಲ ಕೆಲವೇ ಜಾಗಗಳ ಮೇಲೆ ಬೀಳುತ್ತದೆ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಭುಜದ ಎಲುಬು, ತಲೆಯ ಹಿಂಭಾಗ—ಇಲ್ಲೆಲ್ಲ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಮೊದಲು ಚರ್ಮ ಕೆಂಪಾಗುತ್ತದೆ. ಗಮನಿಸದಿದ್ದರೆ ಸುಲಿಯುತ್ತದೆ, ಹುಣ್ಣಾಗುತ್ತದೆ, ಆಳಕ್ಕಿಳಿದು ಮೂಳೆಯನ್ನೂ ಮುಟ್ಟುತ್ತದೆ. ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಇದನ್ನೇ ಹಾಸಿಗೆ ಹುಣ್ಣು ಎನ್ನುವುದು.

ಇದನ್ನು ತಡೆಯುವ ಮಾರ್ಗ ಹೇಳಲು ಬಹಳ ಸರಳ. ಸುಮಾರು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಹಾಗೆ ಬದಲಿಸುವಾಗ ಎಳೆಯಬಾರದು, ಎತ್ತಿ ಹೊರಳಿಸಬೇಕು. ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕಿರಬಾರದು. ಬೆವರು, ಮಲಮೂತ್ರಗಳಿಂದ ಚರ್ಮ ಒದ್ದೆಯಾಗಿ ಉಳಿಯಬಾರದು. ಹೊಟ್ಟೆಗೆ ಸಾಕಷ್ಟು ಪೌಷ್ಟಿಕ ಆಹಾರ ಹೋಗಬೇಕು. ಕೈಕಾಲುಗಳ ಕೀಲುಗಳು ಬಿಗಿಯದಂತೆ ಆಗಾಗ ಆಡಿಸುತ್ತಿರಬೇಕು. ಇಷ್ಟೇ. ಆದರೆ ಇದನ್ನು ಒಂದು ದಿನವೂ ತಪ್ಪದಂತೆ ಮಾಡಬೇಕು. ಹಬ್ಬ, ಭಾನುವಾರ, ಮಳೆ, ಮುಂಬಯಿ ಬಂದ್—ಯಾವುದರ ನೆಪವೂ ಚರ್ಮಕ್ಕೆ ಅರ್ಥವಾಗುವುದಿಲ್ಲ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. 1973ರ ನವೆಂಬರ್ 27ರಿಂದ 2015ರ ಮೇ 18ರವರೆಗೆ 15,147 ದಿನಗಳಾಗುತ್ತವೆ. ಎರಡು ಗಂಟೆಗೊಮ್ಮೆ ಎಂಬ ನಿಯಮದಂತೆ ದಿನಕ್ಕೆ ಹನ್ನೆರಡು ಬಾರಿ ಮಗ್ಗುಲು ಬದಲಿಸಿದರೆ ಒಟ್ಟು 1,81,764 ಬಾರಿ. ದಿನಕ್ಕೆ ಮೂರು ಪಾಳಿ ಎಂದಿಟ್ಟುಕೊಂಡರೆ ಒಬ್ಬ ದಾದಿ ಇನ್ನೊಬ್ಬರ ಕೈಗೆ ಅರುಣಾರನ್ನು ಒಪ್ಪಿಸಿ ಹೋದದ್ದು 45 ಸಾವಿರಕ್ಕೂ ಹೆಚ್ಚು ಸಲ. ಆರಂಭದಲ್ಲಿ ನೋಡಿಕೊಂಡವರು ನಿವೃತ್ತರಾದರು. ಅವರ ನಂತರ ಬಂದವರೂ ನಿವೃತ್ತರಾದರು. ಘಟನೆ ನಡೆದಾಗ ಹುಟ್ಟಿರದಿದ್ದ ಹುಡುಗಿಯರು ಕೆಲಸಕ್ಕೆ ಸೇರಿದರು. ಹೊಸಬರಿಗೆ ಹಿರಿಯರು ಅರುಣಾರನ್ನು ಪರಿಚಯಿಸುತ್ತಿದ್ದರು, ‘ಇವಳು ನಮ್ಮವಳು’ ಎಂದು. ಒಂದೇ ಒಂದು ಪಾಳಿಯವರು ‘ನನಗೇನು’ ಎಂದು ಕೆಲವು ದಿನ ಅಲಕ್ಷ್ಯ ಮಾಡಿದ್ದರೂ ಹುಣ್ಣು ಕಾಣಿಸಿಕೊಳ್ಳುತ್ತಿತ್ತು. ಅಷ್ಟು ವರ್ಷಗಳಲ್ಲಿ ಅರುಣಾರ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಆಗಲಿಲ್ಲ ಎಂಬುದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ದಾಖಲಾಗಿರುವ ಮಾತು.

ಒಂದು ತುತ್ತಿನ ಹಿಂದೆ

ಊಟ ಮಾಡಿಸುವುದು ಇನ್ನೊಂದು ಪರೀಕ್ಷೆ. ನುಂಗುವ ಶಕ್ತಿ ಕುಂದಿದ ರೋಗಿಗೆ ಅವಸರದಲ್ಲಿ ತುತ್ತಿಟ್ಟರೆ ಅನ್ನ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರು ಕಟ್ಟಬಹುದು, ಇಲ್ಲವೇ ಕೆಲವು ದಿನಗಳಲ್ಲಿ ನ್ಯುಮೋನಿಯಾ ಆಗಬಹುದು. ಆದ್ದರಿಂದ ತಲೆ ಎತ್ತರಿಸಿ ಕೂರಿಸಬೇಕು, ಆಹಾರವನ್ನು ನುಣ್ಣಗೆ ಮಾಡಿರಬೇಕು, ಮೊದಲ ತುತ್ತು ಒಳಗೆ ಹೋದದ್ದು ಖಾತ್ರಿಯಾದ ಮೇಲೆಯೇ ಎರಡನೆಯದನ್ನು ಇಡಬೇಕು. ಮೂಗಿಗೆ ಕೊಳವೆ ಹಾಕಿ ದ್ರವ ಆಹಾರ ಬಿಡುವುದು ಇದಕ್ಕಿಂತ ಸುಲಭ. ಆದರೂ ಕೆ.ಇ.ಎಂ. ದಾದಿಯರು 2010ರವರೆಗೂ ಅರುಣಾಗೆ ಬಾಯಿಯ ಮೂಲಕವೇ ಮೆತ್ತನೆಯ ಊಟ ಕೊಡುತ್ತಿದ್ದರು. ಆ ವರ್ಷ ಮಲೇರಿಯಾ ಬಂದು ಊಟ ಸೇರುವುದು ಕಡಿಮೆಯಾದ ಮೇಲಷ್ಟೇ ಕೊಳವೆಯ ಮೊರೆ ಹೋಗಬೇಕಾಯಿತು.

ಮೀನು, ಕೋಳಿ ಸೂಪು ಕೊಟ್ಟಾಗ ಅವರ ಮುಖದಲ್ಲಿ ಗೆಲುವು ಕಾಣುತ್ತದೆ ಎನ್ನುತ್ತಿದ್ದರು ದಾದಿಯರು. ಕರಾವಳಿಯ ಹೆಣ್ಣುಮಗಳಿಗೆ ಮೀನು ಹಿತವೆನಿಸಿದ್ದರೆ ಆಶ್ಚರ್ಯವಿಲ್ಲ. ಮಲಮೂತ್ರಕ್ಕೆ ಹೋಗಬೇಕಾದಾಗ ಅವರು ಒಂದು ಬಗೆಯ ದನಿ ಹೊರಡಿಸುತ್ತಾರೆ, ಅದನ್ನು ದಾದಿಯರು ಗುರುತಿಸಿ ವ್ಯವಸ್ಥೆ ಮಾಡುತ್ತಾರೆ ಎಂದು ಆಸ್ಪತ್ರೆಯ ಡೀನ್ ನ್ಯಾಯಾಲಯಕ್ಕೆ ತಿಳಿಸಿದ್ದರು. ತಾಯಿಗೆ ಎಳೆಗೂಸಿನ ಅಳುವಿನಲ್ಲಿ ಹಸಿವು ಯಾವುದು, ನಿದ್ದೆ ಯಾವುದು ಎಂದು ತಿಳಿಯುತ್ತದಲ್ಲ, ಅಂಥದೇ ತಿಳಿವಳಿಕೆ ಇದು. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಒಬ್ಬರನ್ನೇ ದಿನವೂ ನೋಡುತ್ತಾ, ಅವರಿಗಾಗಿ ಕಿವಿಗೊಡುತ್ತಾ ಇದ್ದವರಿಗೆ ಮಾತ್ರ ಅದು ದಕ್ಕುತ್ತದೆ.

ಜೂನ್ 1 ಬಂತೆಂದರೆ ದಾದಿಯರು ಅರುಣಾರ ಹುಟ್ಟುಹಬ್ಬ ಆಚರಿಸುತ್ತಿದ್ದರು. ಕೊಂಡಾಡಿಸಿಕೊಳ್ಳುವವರಿಗೆ ಅದು ತಿಳಿಯುತ್ತಿತ್ತೋ ಇಲ್ಲವೋ, ಆಚರಿಸುವವರಿಗೆ ತಿಳಿದಿತ್ತು. ಕೋಣೆಯಲ್ಲಿ ಇರುವುದು ‘ಕೇಸು’ ಅಲ್ಲ, ಹೆಸರು, ಊರು, ಹುಟ್ಟಿದ ದಿನ ಎಲ್ಲವೂ ಉಳ್ಳ ಒಬ್ಬ ಮನುಷ್ಯಳು ಎಂದು ವರ್ಷಕ್ಕೊಮ್ಮೆ ನೆನಪಿಸಿಕೊಳ್ಳುವ ಬಗೆ ಅದು.

ಹಾಸಿಗೆ ತೆರವು ಮಾಡುವ ಪ್ರಶ್ನೆ

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹಾಸಿಗೆಗೂ ಬೆಲೆಯಿದೆ. ವರಾಂಡದ ನೆಲದ ಮೇಲೆ ರೋಗಿಗಳು ಮಲಗಿರುವ ದೃಶ್ಯ ನಮಗೇನೂ ಹೊಸದಲ್ಲ. ಗುಣವಾಗುವ ಆಸೆಯೇ ಇಲ್ಲದ ಒಬ್ಬರಿಗಾಗಿ ಒಂದು ಕೋಣೆಯನ್ನು ಮೀಸಲಿಡುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. 1980ರ ದಶಕದಲ್ಲಿ ಅರುಣಾರನ್ನು ಬೇರೆಡೆಗೆ ಸಾಗಿಸಿ ಹಾಸಿಗೆ ತೆರವು ಮಾಡಿಸಲು ಮಹಾನಗರ ಪಾಲಿಕೆ ಪ್ರಯತ್ನಿಸಿತು. ದಾದಿಯರು ಪ್ರತಿಭಟನೆಗಿಳಿದರು. ಪಾಲಿಕೆ ಹಿಂದೆ ಸರಿಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅರುಣಾ ಅಲ್ಲಿಂದ ಹೋಗಿದ್ದರೆ ದಾದಿಯರಿಗೇ ಕೆಲಸ ಕಡಿಮೆಯಾಗುತ್ತಿತ್ತು. ಹೊಲಸು ತೊಳೆಯುವ, ಎತ್ತಿ ಮಲಗಿಸುವ, ಗಂಟೆಗಟ್ಟಲೆ ಕುಳಿತು ಉಣಿಸುವ ದುಡಿಮೆ ತಪ್ಪುತ್ತಿತ್ತು. ತಮ್ಮ ಕೆಲಸ ಹಗುರಾಗಲಿ ಎಂದು ಹೋರಾಡುವವರನ್ನು ಎಲ್ಲ ಕಡೆ ನೋಡುತ್ತೇವೆ. ಆ ಭಾರ ತಮ್ಮ ಬಳಿಯೇ ಇರಲಿ ಎಂದು ಹೋರಾಡಿದವರು ಇವರು.

ಹಾಗಾದರೆ ರಕ್ತಸಂಬಂಧಿಗಳು ಎಲ್ಲಿದ್ದರು? ತಂದೆತಾಯಿ ತೀರಿಕೊಂಡಿದ್ದರು. ಉಳಿದ ಬಂಧುಗಳು ಕ್ರಮೇಣ ದೂರವಾದರು. ಈ ಕುರಿತು ಮುಂದೆ ದಾದಿಯರು ಕಟುವಾಗಿ ಮಾತಾಡಿದ್ದೂ ಉಂಟು. ಓದುಗರಿಗೂ ಸಿಟ್ಟು ಬರಬಹುದು. ಆದರೆ ತೀರ್ಪು ಕೊಡುವ ಮುನ್ನ ಒಂದು ಕ್ಷಣ ಯೋಚಿಸಬೇಕು. ಹಗಲಿರುಳು ಆರೈಕೆ ಬೇಕಾದ ಒಬ್ಬ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಹಣ, ಜಾಗ, ಆಳುಬಲ ನಮ್ಮಲ್ಲಿ ಎಷ್ಟು ಮನೆಗಳಿಗಿದೆ? ದುಡಿಯುವವರೊಬ್ಬರು ಕೆಲಸ ಬಿಟ್ಟು ಕೂರಬೇಕಾಗುತ್ತದೆ. ಆ ಹೊಣೆ ಬಹುತೇಕ ಮನೆಯ ಹೆಣ್ಣುಮಕ್ಕಳ ತಲೆಗೇ ಬೀಳುತ್ತದೆ. ಪ್ರೀತಿಯಿದ್ದರೂ ಶಕ್ತಿ ಸಾಲದೆ ಹೋಗುವ ಸಂದರ್ಭಗಳಿವೆ. ಆ ಜಾಗದಲ್ಲಿ ಬಂದು ನಿಲ್ಲುವವರೇ ದಾದಿಯರು. ಮನೆಯವರು ಮಾಡಲಾಗದ್ದನ್ನು ಮನೆಯವರ ಹಾಗೆ ಮಾಡುವುದು ಅವರ ವೃತ್ತಿಯ ತಿರುಳು.

ಬಂಧು ಯಾರು?

ಈ ಪ್ರಶ್ನೆಯೇ ಒಂದು ದಿನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಅರುಣಾರ ಬದುಕಿನ ಬಗ್ಗೆ ಪುಸ್ತಕ ಬರೆದು ಅವರ ಕಥೆಯನ್ನು ನಾಡಿಗೆ ತಿಳಿಸಿದವರು. 2009ರಲ್ಲಿ ಅವರು, ಅರುಣಾರ ಆಪ್ತಮಿತ್ರಳ ಸ್ಥಾನದಲ್ಲಿ ನಿಂತು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರಿವೇ ಇಲ್ಲದ ಈ ಬದುಕು ಬದುಕಲ್ಲ, ಬಲವಂತವಾಗಿ ಉಣಿಸುವುದನ್ನು ನಿಲ್ಲಿಸಿ ಅವರಿಗೆ ಶಾಂತವಾಗಿ ಸಾಯಲು ಅವಕಾಶ ಕೊಡಬೇಕು ಎಂಬುದು ಅವರ ಪ್ರಾರ್ಥನೆ. ಅದು ಕಲ್ಲೆದೆಯಿಂದ ಹುಟ್ಟಿದ ಮಾತಲ್ಲ. ಅರುಣಾರ ನೋವನ್ನು ಹತ್ತಿರದಿಂದ ಕಂಡವರ ಕರುಣೆಯ ಮಾತು.

ಆಸ್ಪತ್ರೆಯವರ ಉತ್ತರವೂ ಕರುಣೆಯಿಂದಲೇ ಹುಟ್ಟಿದ್ದು. ಅರುಣಾ ಸಹಜವಾಗಿ ಕೊನೆಯುಸಿರೆಳೆಯುವವರೆಗೆ ನಾವು ನೋಡಿಕೊಳ್ಳುತ್ತೇವೆ ಎಂದು ವೈದ್ಯರು, ದಾದಿಯರು, ಸಿಬ್ಬಂದಿ ಎಲ್ಲರೂ ಹೇಳಿದರು. ಹಿಂದೆ ಅರುಣಾರನ್ನು ನೋಡಿಕೊಂಡಿದ್ದ ನಿವೃತ್ತ ದಾದಿಯೊಬ್ಬರು ಸಂಬಳವಿಲ್ಲದೆ, ಬಂದುಹೋಗುವ ಖರ್ಚನ್ನೂ ಕೇಳದೆ ಮತ್ತೆ ಸೇವೆ ಮಾಡಲು ಸಿದ್ಧರಾಗಿದ್ದರು.

2011ರ ಜನವರಿಯಲ್ಲಿ ನ್ಯಾಯಾಲಯ ಮೂವರು ತಜ್ಞ ವೈದ್ಯರನ್ನು ನೇಮಿಸಿ ಅರುಣಾರ ಪರೀಕ್ಷೆ ಮಾಡಿಸಿತು. ದಾದಿಯರು ಕಂಡ ನಗು, ದನಿಗಳಲ್ಲಿ ತಜ್ಞರಿಗೆ ತನ್ನರಿವಿನ ಸೂಚನೆ ಕಾಣಲಿಲ್ಲ. ಆದರೆ ಅವರು ಸ್ವತಃ ಉಸಿರಾಡುತ್ತಿದ್ದರು, ಯಂತ್ರದ ಆಸರೆಯಿರಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ತೀರ್ಪು ನೀಡಿತು. ಚೇತರಿಕೆಯ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಲು ಕೆಲವು ಕಟ್ಟುನಿಟ್ಟಿನ ಷರತ್ತುಗಳ ಮೇಲೆ, ಹೈಕೋರ್ಟಿನ ಒಪ್ಪಿಗೆಯೊಂದಿಗೆ ಅವಕಾಶವಿದೆ ಎಂದು ನ್ಯಾಯಾಲಯ ಮೊದಲ ಬಾರಿಗೆ ಹೇಳಿತು. ಆದರೆ ಅರುಣಾರ ವಿಷಯದಲ್ಲಿ ಅರ್ಜಿಯನ್ನು ವಜಾ ಮಾಡಿತು. ಕಾರಣ ಸ್ಪಷ್ಟವಿತ್ತು. ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅವರ ನಿಜವಾದ ಆಪ್ತರು. ಅವರ ಪರವಾಗಿ ಮಾತಾಡುವ ಹಕ್ಕು ಆ ಸಿಬ್ಬಂದಿಗೇ ಸೇರಿದ್ದು.

ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿಗಳು, ನಿವೃತ್ತರನ್ನೂ ಸೇರಿಸಿ ಕೆ.ಇ.ಎಂ. ಸಿಬ್ಬಂದಿಯನ್ನೆಲ್ಲ ಹೊಗಳಿದರು. ಸಮರ್ಪಣೆ, ತ್ಯಾಗಗಳ ಅರ್ಥವನ್ನು ಇಡೀ ದೇಶ ಅವರಿಂದ ಕಲಿಯಬೇಕು, ಪ್ರತಿಯೊಬ್ಬ ಭಾರತೀಯನಿಗೂ ಅವರ ಬಗ್ಗೆ ಹೆಮ್ಮೆಯಿದೆ ಎಂದು ಬರೆದರು. ಕಾನೂನಿನ ಪುಸ್ತಕಗಳಲ್ಲಿ ದಾದಿಯರಿಗೆ ಸಲ್ಲುವ ಇಂಥ ಮಾತು ಅಪರೂಪ. ಆಸ್ಪತ್ರೆಯಲ್ಲಿ ಅಂದು ದಾದಿಯರು ಸಿಹಿ ಹಂಚಿದರು.

ದಯಾಮರಣದ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಮುಂದೊಮ್ಮೆ ಇಂಥ ಸ್ಥಿತಿ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಅವಕಾಶವನ್ನೂ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಲಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಹಳದೀಪುರದ ಹೆಣ್ಣುಮಗಳ ಹೆಸರಿನ ಮೊಕದ್ದಮೆ ಹೀಗೆ ಅವರ ತವರು ರಾಜ್ಯಕ್ಕೂ ಬಂದು ಮುಟ್ಟಿತು.

ಪಿಂಕಿ ವಿರಾನಿಯವರದು ಸರಿಯೋ, ದಾದಿಯರದು ಸರಿಯೋ? ಮನೆಯಲ್ಲಿ ಮಕ್ಕಳು ಹಿರಿಯರು ಕುಳಿತು ಮಾತಾಡಬೇಕಾದ ಪ್ರಶ್ನೆ ಇದು. ಉತ್ತರ ಏನೇ ಇರಲಿ, ಒಂದು ಮಾತನ್ನು ಎರಡೂ ಕಡೆಯವರು ಒಪ್ಪುತ್ತಾರೆ. ರೋಗಿಯ ಪರವಾಗಿ ಮಾತಾಡುವವರು ಮೊದಲು ರೋಗಿಯ ಪಕ್ಕದಲ್ಲಿ ಕುಳಿತಿರಬೇಕು.

ಎರಡು ಕೈಗಳ ಅಂತ್ಯಕ್ರಿಯೆ

2015ರ ಮೇ ತಿಂಗಳಲ್ಲಿ ಅರುಣಾಗೆ ನ್ಯುಮೋನಿಯಾ ಆಯಿತು. ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಮೇ 18ರ ಬೆಳಿಗ್ಗೆ ಅವರು ತೀರಿಕೊಂಡರು. ಅರವತ್ತೇಳು ತುಂಬಲು ಎರಡು ವಾರ ಬಾಕಿಯಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಅದು ಕಳೆದು ಆರು ದಿನಗಳಾಗಿದ್ದವು ಅಷ್ಟೆ.

ಸಾವಿನ ಸುದ್ದಿ ತಿಳಿದು ಸಂಬಂಧಿಕರು ಬಂದರು. ಅಂತ್ಯಸಂಸ್ಕಾರ ಯಾರು ಮಾಡಬೇಕೆಂಬ ಮಾತೆದ್ದಿತು. ಇಷ್ಟು ವರ್ಷ ಬಾರದವರಿಗೆ ಈಗ ಯಾವ ಹಕ್ಕು ಎಂದು ದಾದಿಯರು ಕೇಳಿದರು. ಕೊನೆಗೆ ಆಸ್ಪತ್ರೆಯ ಡೀನ್ ಡಾ. ಅವಿನಾಶ್ ಸುಪೆ ಮತ್ತು ಅರುಣಾರ ಸೋದರ ಸಂಬಂಧದ ಮಗ ಇಬ್ಬರೂ ಸೇರಿ ಕ್ರಿಯೆ ನೆರವೇರಿಸಿದರು. ನೂರಾರು ಮಂದಿ ದಾದಿಯರು, ವೈದ್ಯರು, ನೌಕರರು ಕಣ್ಣೀರಿಟ್ಟು ಬೀಳ್ಕೊಟ್ಟರು. ಹುಟ್ಟಿದ ಮನೆಯ ಕೈ ಒಂದು, ಸಾಕಿದ ಮನೆಯ ಕೈ ಇನ್ನೊಂದು. ಎರಡೂ ಒಟ್ಟಿಗೆ ಚಿತೆಗೆ ಬೆಂಕಿಯಿಟ್ಟದ್ದು ಸರಿಯಾಗಿಯೇ ಇತ್ತು. ಜಗಳದಲ್ಲಿ ಹೇಳಲಾಗದ ಕೃತಜ್ಞತೆ ಆ ಕ್ಷಣದಲ್ಲಿ ತಾನಾಗಿಯೇ ಸಂದಿತು ಎನ್ನಬೇಕು.

ಋಣ ತೀರಿಸುವ ಬಗೆ

ಇಂಥ ಸೇವೆಗೆ ಕುಟುಂಬಗಳು ಹೇಗೆ ಕೃತಜ್ಞತೆ ತೋರಿಸಬಹುದು? ದಾದಿಯರನ್ನು ದೇವತೆಗಳೆಂದು ಹೊಗಳಿ ಸುಮ್ಮನಾಗುವುದು ಸುಲಭ. ದೇವತೆಗಳಿಗೆ ಸಂಬಳ, ರಜೆ, ರಾತ್ರಿ ಪಾಳಿಯಲ್ಲಿ ಭದ್ರತೆ ಇವೆಲ್ಲ ಬೇಕಾಗುವುದಿಲ್ಲವಲ್ಲ! ಅರುಣಾ ಹಾಸಿಗೆ ಹಿಡಿದದ್ದೇ ಕೆಲಸದ ಜಾಗದಲ್ಲಿ ರಕ್ಷಣೆಯಿಲ್ಲದ್ದರಿಂದ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಹತ್ಯೆಯಾದಾಗ ಸುಪ್ರೀಂ ಕೋರ್ಟ್ ಅರುಣಾ ಪ್ರಕರಣವನ್ನು ನೆನಪಿಸಿತು; ಆಸ್ಪತ್ರೆ ಸಿಬ್ಬಂದಿಯ ಸುರಕ್ಷತೆ ಕುರಿತು ಸಲಹೆ ನೀಡಲು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಐವತ್ತು ವರ್ಷಗಳ ನಂತರವೂ ಅದೇ ಹೆಸರನ್ನು ನೆನೆಯಬೇಕಾಗಿ ಬಂದದ್ದು ನಾಚಿಕೆಯ ಸಂಗತಿ.

ಮನೆಯವರು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ನೋಡಿಕೊಳ್ಳುವ ದಾದಿಯ ಹೆಸರು ಕೇಳಿ ತಿಳಿದುಕೊಳ್ಳುವುದು. ರೋಗಿಯನ್ನು ನೋಡುವ ಸಮಯದ ನಿಯಮ ಪಾಲಿಸುವುದು. ವಾರ್ಡಿನಲ್ಲಿ ಮೂವತ್ತು ರೋಗಿಗಳಿರುವಾಗ ನಮ್ಮವರ ಹತ್ತಿರ ಬರಲು ಹತ್ತು ನಿಮಿಷ ತಡವಾಯಿತೆಂದು ಕೂಗಾಡದಿರುವುದು. ಮನೆಗೆ ಹೊರಡುವಾಗ ಇಂಥವರು ಚೆನ್ನಾಗಿ ನೋಡಿಕೊಂಡರು ಎಂದು ಆಸ್ಪತ್ರೆಯ ಮೇಲಧಿಕಾರಿಗೆ ಎರಡು ಸಾಲು ಬರೆದುಕೊಡುವುದು. ದೂರು ಬರೆಯಲು ಕಾಗದ ಹುಡುಕುವ ನಾವು ಮೆಚ್ಚುಗೆಗೂ ಒಂದು ಹಾಳೆ ಖರ್ಚು ಮಾಡಬಹುದು. ರೋಗಿಯ ಮಗ್ಗುಲು ಬದಲಿಸುವ, ಉಣಿಸುವ ಕ್ರಮವನ್ನು ದಾದಿಯಿಂದಲೇ ಕೇಳಿ ಕಲಿತು ಮನೆಯಲ್ಲಿ ತಪ್ಪದೆ ಮುಂದುವರಿಸುವುದು ಎಲ್ಲಕ್ಕಿಂತ ದೊಡ್ಡ ಕೃತಜ್ಞತೆ. ಮನೆಯ ಗಂಡುಮಕ್ಕಳೂ ಇದನ್ನು ಕಲಿಯಬೇಕು.

ತಂದೆತಾಯಿಯರಿಗೆ ಇನ್ನೊಂದು ಮಾತು. ಮಗಳೋ ಮಗನೋ ನರ್ಸಿಂಗ್ ಓದುತ್ತೇನೆ ಎಂದಾಗ ‘ಅಂಕ ಕಡಿಮೆ ಬಂತೇನು?’ ಎಂದು ಕೇಳುವ ಮನೆಗಳು ಇಂದಿಗೂ ಇವೆ. ಪಿಯುಸಿಯ ನಂತರ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇದೆ, ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಇದೆ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಾಣು ಶಾಸ್ತ್ರ, ಔಷಧ ವಿಜ್ಞಾನ, ಪೋಷಣೆ, ಮನಶ್ಶಾಸ್ತ್ರ ಎಲ್ಲವನ್ನೂ ಅಲ್ಲಿ ಓದಬೇಕು. ಚರ್ಮದ ಮೇಲಿನ ಒಂದು ಕೆಂಪು ಗುರುತು ನಾಳೆ ಏನಾಗುತ್ತದೆ ಎಂದು ಇಂದೇ ಕಾಣುವ ಕಣ್ಣು ಆ ಓದಿನಿಂದ ಬರುತ್ತದೆ. ಉಳಿದದ್ದು ಮನಸ್ಸಿನಿಂದ ಬರಬೇಕು. ಅರುಣಾರ ಮೈ ಹುಣ್ಣಾಗದೆ ಉಳಿದದ್ದು ಬರೀ ಕನಿಕರದಿಂದಲ್ಲ, ಬರೀ ವಿದ್ಯೆಯಿಂದಲೂ ಅಲ್ಲ. ಕನಿಕರ ಒಂದು ವಾರದಲ್ಲಿ ದಣಿಯುತ್ತದೆ. ವಿದ್ಯೆಯೊಂದೇ ಇದ್ದರೆ ‘ಇನ್ನು ಪ್ರಯೋಜನವಿಲ್ಲ’ ಎಂದು ಕೈಚೆಲ್ಲುತ್ತದೆ. ಎರಡೂ ಕೂಡಿದ್ದರಿಂದ ಕೆಲಸ 15,147 ದಿನ ನಡೆಯಿತು.

ಆ ದಾದಿಯರಲ್ಲಿ ಹೆಚ್ಚಿನವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಗುಣವಾಗಿ ಎದ್ದು ಹೋದ ರೋಗಿಯನ್ನು ತೋರಿಸಿ ‘ಇವರನ್ನು ನಾವು ಉಳಿಸಿದೆವು’ ಎನ್ನುವ ಭಾಗ್ಯವೂ ಅವರಿಗಿರಲಿಲ್ಲ. ಪ್ರತಿ ಪಾಳಿಯ ಕೊನೆಯಲ್ಲಿ ಅವರು ಮುಂದಿನವರಿಗೆ ಒಪ್ಪಿಸಿ ಹೋದದ್ದು ಒಣಗಿದ ಹಾಸಿಗೆ, ತುಂಬಿದ ಹೊಟ್ಟೆ, ಗಾಯವಿಲ್ಲದ ಬೆನ್ನು.